ಹೇನು ಬಂದ ಭಾನುವಾರ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಅವಳನ್ನು ಜೊತೆಯವರು ಕುದಿನೀರಿನಕ್ಕ ಎಂದೇ ಕರೆಯುತ್ತಿದ್ದರು. ಹಬೆಯಲ್ಲಿ ನಿಂತು ನಿಂತು ಅವಳ ಮುಂಗೈ ಸದಾ ಕೆಂಪಗಿರುತ್ತಿತ್ತು. ನಿವೃತ್ತಿಯಾದ ಮೇಲೆ ಮಗನ ಮನೆ ಸೇರಿದಳು. ಎರಡನೆಯ ಮಹಡಿಯ ಎರಡು ಕೋಣೆಯ ಮನೆ. ಮಗ ಬಸ್ಸು ಓಡಿಸುತ್ತಿದ್ದ, ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅತ್ತೆ ಸೊಸೆಯರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಬಂದವರು ಅತ್ತೆಯ ಕೆಲಸ ಏನಿತ್ತೆಂದು ಕೇಳಿದರೆ ಸೊಸೆ, ಅತ್ತೆ ಆಸ್ಪತ್ರೆಯಲ್ಲಿದ್ದರು ಎಂದಷ್ಟೇ ಹೇಳಿ ಮಾತು ತೇಲಿಸಿಬಿಡುತ್ತಿದ್ದಳು. ಅತ್ತೆ ಅದನ್ನು ಕೇಳಿಯೂ ಕೇಳದಂತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಏಳು ವರ್ಷದ ಮೊಮ್ಮಗಳು ಕಿವಿಯ ಹಿಂದೆ ಪರಪರ ಕೆರೆದುಕೊಳ್ಳುತ್ತಿದ್ದಳು. ಸೊಸೆ ಅವಳ ಕೂದಲು ಬಿಡಿಸಿ ನೋಡಿದಳು. ಆಮೇಲೆ ದಿಂಬು ಎತ್ತಿ ನೋಡಿದಳು. ಬಿಳಿ ಗವುಸಿನ ಮೇಲೆ ಒಂದು ಹೇನು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಸೊಸೆಯ ಮುಖ ಬಿಳುಚಿಕೊಂಡಿತು. ಗಂಡನನ್ನು ಕೀಟನಾಶಕ ತರಲು ಅಟ್ಟಿದಳು. ದಿಂಬು, ಹೊದಿಕೆ, ಮಗುವಿನ ಬಟ್ಟೆಯ ಕರಡಿಗೊಂಬೆ, ಎಲ್ಲವನ್ನೂ ಚಾದರದಲ್ಲಿ ಗಂಟು ಕಟ್ಟಿ ಎಸೆಯಲು ಬಾಗಿಲಿಗೆ ಹೊರಟಳು. ಶಾಲೆಯವರಿಗೆ ಗೊತ್ತಾದರೆ, ಅಂಗಡಿಯವರಿಗೆ ಗೊತ್ತಾದರೆ ಎಂದು ಕಣ್ಣು ತುಂಬಿತ್ತು.

ಅತ್ತೆ ಬಾಗಿಲಿಗೆ ಅಡ್ಡ ನಿಂತಳು.

"ಇಲಿ ಬಂತು ಅಂತ ಮನೆಗೇ ಬೆಂಕಿ ಇಡ್ತಾರೇನಮ್ಮ? ಗಂಟು ಕೆಳಗಿಡು. ಇದು ನನ್ನ ಕಸುಬು."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಸೊಸೆ ಗಂಟು ಇಳಿಸಿದಳು.

ಅತ್ತೆ ಚಾದರ, ಗವುಸು, ಟವೆಲ್ಲು, ರಾತ್ರಿಯ ಉಡುಪುಗಳನ್ನು ಬೇರೆ ಮಾಡಿ, ಕೈ ಅದ್ದಲಾಗದಷ್ಟು ಬಿಸಿ ನೀರಿನಲ್ಲಿ ಮುಳುಗಿಸಿ ಕೋಲಿನಿಂದ ತಿರುವಿದಳು. ಬಿಸಿ ನೀರು ತಡೆಯದ ದಿಂಬುಗಳನ್ನೂ ಕರಡಿಯನ್ನೂ ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ಬಿಗಿದು, ಎರಡು ವಾರ ಯಾರೂ ಮುಟ್ಟಕೂಡದೆಂದು ಕಪಾಟಿನ ಮೇಲಿಟ್ಟಳು. ಹಾಸಿಗೆಯ ಹೊಲಿಗೆ ಹೊಲಿಗೆಯನ್ನೂ ಬ್ರಷ್ಷಿನಿಂದ ಉಜ್ಜಿ ಕಿಟಕಿಗೆ ಒರಗಿಸಿದಳು. ಅಷ್ಟರಲ್ಲಿ ಮಗ ಔಷಧಿಯ ಡಬ್ಬಿ ಹಿಡಿದು ಏದುಸಿರು ಬಿಡುತ್ತಾ ಬಂದ. ತಲೆ ಸಿಗದ ಹೇನು ಎರಡು ದಿನ ಬದುಕುವುದೇ ಹೆಚ್ಚು, ವಿಷ ಹೊಡೆದರೆ ಅದು ಮಗುವಿನ ಮೂಗಿಗೇ ಸೇರುತ್ತದೆ ಎಂದು ಅವನನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿದಳು.

ಮಧ್ಯಾಹ್ನ ಇಬ್ಬರೂ ಒಣಗಿದ ಚಾದರಗಳ ಅಂಚಿಗೆ ಇಸ್ತ್ರಿ ಹಾಕುತ್ತಿದ್ದಾಗ ಸೊಸೆ, ಇಷ್ಟೆಲ್ಲ ಕೆಲಸದಲ್ಲೇ ಕಲಿತಿರಾ ಎಂದು ಕೇಳಿದಳು. ಅತ್ತೆ ಚಾದರ ಮಡಿಸುತ್ತಲೇ ಹೇಳಿದಳು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ರೋಗಿಗಳ ದಿಂಬು ಹೊತ್ತು ಹೊತ್ತು ಅವಳ ತಲೆಗೆ ಹೇನು ಹತ್ತಿತ್ತು. ಆಗ ಅವಳ ಅತ್ತೆ ಅವಳ ಚಾಪೆಯನ್ನು ಹೊರಜಗಲಿಗೆ ಎಸೆದು, ಊಟದ ತಟ್ಟೆಯನ್ನೂ ಬೇರೆ ಮಾಡಿದ್ದರು.

"ಹೇನು ವಾರದಲ್ಲಿ ಹೋದ್ವು. ಜಗಲಿ ಮೇಲೆ ಮಲಗಿದ್ದ ಆ ಇಪ್ಪತ್ತು ದಿನ ಇನ್ನೂ ಹೋಗಿಲ್ಲ ನೋಡು."

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. ಮಣೆ ಎಳೆದುಕೊಂಡು, ಅತ್ತೆಗೆ ಬೆನ್ನು ಮಾಡಿ ಕೂತು, ಜಡೆ ಬಿಚ್ಚಿದಳು.

"ನನ್ನ ತಲೇನೂ ಒಂದ್ಸಲ ನೋಡಿ ಅತ್ತೆ. ಬೆಳಿಗ್ಗೆಯಿಂದ ನವೆ. ಹೇಳೋಕೆ ನಾಚಿಕೆ ಆಯ್ತು."

ನಾಲ್ಕು ಸಿಕ್ಕಿದವು. ಆಮೇಲೆ ಸೊಸೆ ಅತ್ತೆಯ ತಲೆ ನೋಡಿದಳು, ಅಲ್ಲಿಯೂ ಎರಡು. ಮಗನ ಬೋಳುತಲೆಯಲ್ಲಿ ಮಾತ್ರ ಹೇನಿಗೆ ನೆಲೆಯೇ ಇರಲಿಲ್ಲ. ಹಾಸಿಗೆ ಒಗೆದರೆ ಅರ್ಧ ಕೆಲಸ, ಇನ್ನರ್ಧ ಬಾಚಣಿಗೆಯದು ಎಂದು ಅತ್ತೆ ಮೂರು ದಿನಕ್ಕೊಮ್ಮೆ ಮೂವರ ಒದ್ದೆ ಕೂದಲಿಗೂ ಹೇನುಬಾಚಣಿಗೆ ಹಾಕಿದಳು. ಮೊಮ್ಮಗಳು ಅಜ್ಜಿಯ ಮಗ್ಗುಲಲ್ಲೇ ಮಲಗಿದಳು, ಯಾರೂ ಬೇಡವೆನ್ನಲಿಲ್ಲ. ಎರಡನೆಯ ವಾರ ಬಾಚಣಿಗೆ ಬರಿದಾಗಿಯೇ ಬರತೊಡಗಿತು.

ಶಾಲೆಗೆ ವಿಷಯ ತಿಳಿಸಿದವಳು ಸೊಸೆಯೇ. ಸುದ್ದಿ ಕಟ್ಟಡದ ಮನೆಗಳಿಗೂ ಮುಟ್ಟಿತು. ಅದೇ ವಾರ ಕೆಳಮನೆಯ ದರ್ಜಿಯ ಹೆಂಡತಿ ಚೀಲದಲ್ಲಿ ದಿಂಬು ಬಚ್ಚಿಟ್ಟುಕೊಂಡು ಬಂದು, ನಿಮ್ಮ ಮೇಲಿನವರಿಗೆ ಹೇಳಬೇಡಿ ಎಂದಳು. ಮಾರನೆಯ ದಿನ ಮೇಲ್ಮನೆಯ ನರ್ಸಮ್ಮನೂ ದಿಂಬು ಹಿಡಿದು ಇಳಿದು ಬಂದು, ನಿಮ್ಮ ಕೆಳಗಿನವರಿಗೆ ಗೊತ್ತಾಗುವುದು ಬೇಡ ಎಂದಳು. ಅತ್ತೆ ಇಬ್ಬರಿಗೂ ಮಾತು ಕೊಟ್ಟು, ಬಿಸಿನೀರಿನ ಕ್ರಮ ಹೇಳಿಕೊಟ್ಟಳು. ಶನಿವಾರ ಮೇಲೂ ಕೆಳಗೂ ಒಟ್ಟಿಗೇ ನೀರು ಕುದಿಯಿತು. ಮೆಟ್ಟಿಲ ತುಂಬ ಸೋಪಿನ ವಾಸನೆ. ಯಾರೂ ಯಾರನ್ನೂ ಏನೂ ಕೇಳಲಿಲ್ಲ.