ಹಲ್ಲಿಗೆ ಹಚ್ಚಿದ ಕಾಡಿಗೆ

ನಾನು ಚಿಕ್ಕವನಿದ್ದಾಗ ಕೊಪ್ಪಳದ ನಮ್ಮ ಮನೆಯ ಅಂಗಳದಲ್ಲಿ ಹಳೆಯ ಮೋಟಾರೊಂದು ನಿಂತಿರುತ್ತಿತ್ತು. ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ಅದರ ಹಿಂಭಾಗ ಗೋಂಯ್ ಎಂದು ಗೋಳಾಡತೊಡಗಿತು. ಏರು ಬಂದರೆ ಕಟಕಟ ಹಲ್ಲು ಕಡಿಯುತ್ತಿತ್ತು.

ಅದೇ ಹೊತ್ತಿಗೆ ಕುಷ್ಟಗಿಯಿಂದ ಸುದ್ದಿ ಬಂತು. ಅಲ್ಲಿ ಗಂಡನ ಮನೆಯಲ್ಲಿದ್ದ ಅಕ್ಕ ಬಸುರಿ. ದಿನ ತುಂಬುವ ಮೊದಲೇ ನೋವು ಕಾಣಿಸಿ ನಿಂತಿತ್ತು. ಕೊಪ್ಪಳದ ದವಾಖಾನೆಗೆ ಕರೆದೊಯ್ಯಿರಿ, ಆದರೆ ಎತ್ತಿನ ಗಾಡಿಯ ಕುಲುಕಾಟ ಅವಳಿಗೆ ಆಗದು ಎಂದು ಸೂಲಗಿತ್ತಿ ಹೇಳಿ ಕಳಿಸಿದ್ದಳು. ಮೋಟಾರು ನಡುದಾರಿಯಲ್ಲಿ ಕೈಕೊಟ್ಟರೆ ಅಕ್ಕನ ಗತಿಯೇನು? ಅಪ್ಪ ಅಂಗಿ ಕಳಚಿಟ್ಟು ಅದರ ಕೆಳಗೆ ನುಸುಳಿದ.

ಹಿಂದಿನ ಎರಡು ಗಾಲಿಗಳ ನಡುವೆ ಕಬ್ಬಿಣದ ಗುಂಡನೆಯ ಹೊಟ್ಟೆಯೊಂದಿರುತ್ತದೆ. ಅದಕ್ಕೆ ಡಿಫರೆನ್ಶಿಯಲ್ ಎನ್ನುತ್ತಾರೆ. ಅದರೊಳಗಿನ ಹಲ್ಲುಚಕ್ರಗಳೇ ಗಾಲಿಗಳನ್ನು ತಿರುಗಿಸುವುದು. ಅಪ್ಪ ಗಾಡಿಯ ಹಿಂಬದಿಯನ್ನು ಕಲ್ಲಿನ ಮೇಲೇರಿಸಿ, ಗಾಲಿ ಬಿಚ್ಚಿ, ಅಚ್ಚು ಎಳೆದು, ಆ ಭಾರವನ್ನು ಕೂಸಿನ ಹಾಗೆ ಮೆಲ್ಲಗೆ ಹತ್ತಿಕಾಳಿನ ಚೀಲದ ಮೇಲೆ ಇಳಿಸಿದ. ಸುಟ್ಟ ಎಣ್ಣೆಯ ವಾಸನೆ ಅಂಗಳವನ್ನೆಲ್ಲ ತುಂಬಿತು. ಸವೆದ ಬೇರಿಂಗ್ ತೆಗೆದು, ಗುಜರಿ ಮೋಟಾರಿನದೊಂದನ್ನು ಕೂರಿಸಿದ.

ಆದರೆ ಹಲ್ಲಿಗೆ ಹಲ್ಲು ಕೂಡಬೇಕಲ್ಲ. ಬಿಗಿಯಾದರೆ ಅರೆಯುತ್ತದೆ, ಸಡಿಲಾದರೆ ಮುರಿಯುತ್ತದೆ. ಹಲ್ಲಿಗೆ ಬಣ್ಣ ಬಳಿದು ಚಕ್ರ ತಿರುಗಿಸಿದರೆ, ಉಜ್ಜಿದ ಕಡೆ ಬಣ್ಣ ಹೋಗಿ ಗುರುತು ಕಾಣುತ್ತದೆ; ಅದು ಹಲ್ಲಿನ ನಡುವೆ ಬಿದ್ದರೆ ಸರಿ. ಎರಡನೇ ಮಹಾಯುದ್ಧದ ಆ ಕಾಲದಲ್ಲಿ ಅಂಥ ಬಣ್ಣ ಎಲ್ಲಿ ಸಿಗಬೇಕು? ಅಪ್ಪ ದೇವರ ಮುಂದಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ. ಅದು ಹರಿದು, ಹಲ್ಲೆಲ್ಲ ಎಲೆಯಡಿಕೆ ಹಾಕಿದ ಬಾಯಂತಾಯಿತು. ಗುರುತು ಮಾತ್ರ ಕಾಣಲಿಲ್ಲ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

ಅವ್ವ ಒಳಗಿನಿಂದ ಕಾಡಿಗೆ ಡಬ್ಬಿ ತಂದಳು. ಹರಳೆಣ್ಣೆ ದೀಪದ ಮಸಿ ಹಿಡಿದು ತಾನೇ ಮಾಡಿದ್ದು.

"ಇದನ್ನ ಹಚ್ಚಿ ನೋಡ್ರಿ. ಕೂಸು ಎಷ್ಟು ಅತ್ತರೂ ಇದು ಹರಿಯಂಗಿಲ್ಲ."

"ಮೋಟಾರಿಗೆ ಕಾಡಿಗಿ ಹಚ್ಚಿದ್ರ ಊರ ಮಂದಿ ನಗ್ತಾರ," ಅಂದ ಅಪ್ಪ.

"ನಗಲಿ ಬಿಡ್ರಿ. ಮಗಳು ಮನಿಗೆ ಬರಬೇಕು."

ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದಳು. ಅಪ್ಪ ಬಗ್ಗಿ ನೋಡಿದ. ಕಪ್ಪಿನೊಳಗೆ ಹೊಳೆಯುವ ಗುರುತು ಹಲ್ಲಿನ ಅಂಚಿಗಿತ್ತು. ಚಹಾ ಡಬ್ಬಿಯ ತಗಡನ್ನು ಬಳೆಯಂತೆ ಕತ್ತರಿಸಿ ಬೇರಿಂಗಿನ ಪಕ್ಕದ ಸಂದಿಗೆ ಇಟ್ಟ. ಹೀಗೆ ಇಡುವ ತಗಡಿಗೆ ಶಿಮ್ ಎನ್ನುತ್ತಾರೆ. ಸಾಲಲಿಲ್ಲ. ಮತ್ತೆ ಬಿಚ್ಚಿ ಇನ್ನೊಂದು ತೆಳು ತಗಡು ಇಟ್ಟ. ಅವ್ವ ಮತ್ತೆ ಕಾಡಿಗೆ ಬಳಿದಳು, ಮೂಗಿಗೂ ಮೆತ್ತಿಕೊಂಡಳು. ಬಿಸಿಲು ಇಳಿಯುವ ಹೊತ್ತಿಗೆ ಗುರುತು ಹಲ್ಲಿನ ನಟ್ಟನಡುವೆ ಬಂತು. ಅಪ್ಪನ ಕೈ ದೊಡ್ಡದೋ, ಅವ್ವನ ತಲೆ ದೊಡ್ಡದೋ, ಇವತ್ತಿಗೂ ನನಗೆ ತೀರ್ಮಾನಿಸಲಾಗಿಲ್ಲ.

ಎಲ್ಲವನ್ನೂ ಮತ್ತೆ ಜೋಡಿಸಿ, ಮರುದಿನ ನಸುಕಿನಲ್ಲಿ ಇಬ್ಬರೂ ಕುಷ್ಟಗಿಗೆ ಹೋದರು. ನಾನು ದವಾಖಾನೆಯ ಮೆಟ್ಟಿಲ ಮೇಲೆ ಜೀವ ಕೈಯಲ್ಲಿ ಹಿಡಿದು ಕಾದೆ. ಮೋಟಾರು ಮೆತ್ತಗೆ ಬಂದು ನಿಂತಿತು. ಅಕ್ಕ ಕಣ್ಣುಜ್ಜುತ್ತ, ಅವ್ವನ ಕೈ ಹಿಡಿದು ಇಳಿದಳು.

"ದಾರಿಯಾಗ ನಿದ್ದಿ ಹತ್ತಿಬಿಟ್ಟಿತ್ತವ್ವ," ಅಂದಳು.

ಅಪ್ಪ ಆ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಕ್ಕನಿಗೆ ಅಲ್ಲೇ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಸುಖವಾಗಿ ಮನೆಗೆ ಬಂದರು.

ಮಕ್ಕಳೇ, ನಿಮ್ಮ ಕಾರು ಕೆಟ್ಟರೆ ಒಂದು ಫೋನು ಸಾಕು, ಜನ ಬಂದು ಒಯ್ಯುತ್ತಾರೆ, ತೊಳೆದು ತಂದುಕೊಡುತ್ತಾರೆ. ಒಳ್ಳೆಯ ಕಾಲವೇ, ನಾನು ಬೈಯುವುದಿಲ್ಲ. ನೀವು ಹಿಂದಿನ ಸೀಟಿನಲ್ಲಿ ಕೂತ ಗಳಿಗೆಗೇ ಗೊರಕೆ ಹೊಡೆಯುತ್ತೀರಿ. ನನ್ನ ಅಕ್ಕ ಒಮ್ಮೆ ಹಾಗೆ ನಿದ್ದೆ ಮಾಡಲು ಅಪ್ಪ, ಅವ್ವ ಇಡೀ ದಿನ ಎಣ್ಣೆ ಮಸಿಯಲ್ಲಿ ಮುಳುಗಬೇಕಾಯಿತು.