ಸಹಿ ಮೊದಲು, ಸಭೆ ಆಮೇಲೆ

ನಾನು ಕೆಲಸಕ್ಕೆ ಸೇರಿದ ಹೈಸ್ಕೂಲಿನಲ್ಲಿ ಸಮಿತಿಯ ಸಭೆ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಪುತ್ತೂರಿಗೆ ಹೋಗುವ ಕೊನೆಯ ಬಸ್ಸು ನಾಲ್ಕೂಮುಕ್ಕಾಲಿಗೆ. ಈ ಎರಡರ ನಡುವೆ ಎಷ್ಟು ಮುಗಿಯುತ್ತದೋ ಅಷ್ಟೇ ಶಾಲೆಯ ಆಡಳಿತ. ಊರಿನ ಹೆಸರು ಬೇಡ. ಪುತ್ತೂರಿನಿಂದ ಕಾಣಿಯೂರಿನ ಕಡೆಗೆ ಹೋಗುವ ದಾರಿಯಲ್ಲಿತ್ತು ಎಂದರೆ ಸಾಕು.

ಸಮಿತಿಯಲ್ಲಿ ಕಾಗದದ ಮೇಲೆ ಏಳು ಜನರಿದ್ದರು. ಬರುತ್ತಿದ್ದವರು ಮೂವರು. ಅಧ್ಯಕ್ಷರು ಕಾಣಿಯೂರಿನ ಕಡೆಯ ತೋಟದವರು, ಪುತ್ತೂರಿನಲ್ಲಿಯೂ ಮನೆ ಇದ್ದುದರಿಂದ ಶನಿವಾರ ಅಲ್ಲಿಗೇ ಹೋಗುವವರು. ಎರಡನೆಯವರು ಪುತ್ತೂರಿನ ವಕೀಲರು. ಮೂರನೆಯವರು ಸುಳ್ಯದ ಕೃಷಿಕರು, ಮನೆಯಲ್ಲಿ ಅರೆಭಾಷೆ ಎಂಬ ಆ ಕಡೆಯ ಕನ್ನಡ ಆಡುವವರು, ಪುತ್ತೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕಾದವರು. ಇವರ ಜೊತೆ ಕಾರ್ಯದರ್ಶಿಯಾಗಿ ನಮ್ಮ ಹೆಡ್ ಮಾಸ್ಟರರು. ಹೀಗೆ ನಾಲ್ಕು ಸಹಿ.

ನಾನು ಸೇರುವ ಮೊದಲು ಒಂದು ಮಳೆಗಾಲದಲ್ಲಿ, ಮಕ್ಕಳ ಪಾಯಿಖಾನೆ ಯಾವ ದಿಕ್ಕಿಗೆ ಇರಬೇಕು ಎಂಬ ಚರ್ಚೆ ಜೋರಾಗಿ ಬಸ್ಸು ತಪ್ಪಿಹೋಗಿತ್ತಂತೆ. ಅಧ್ಯಕ್ಷರೂ ವಕೀಲರೂ ಎರಡೆರಡು ಬೆಂಚು ಜೋಡಿಸಿ ಶಾಲೆಯಲ್ಲೇ ಮಲಗಿದ್ದರಂತೆ. ಮುಂದಿನ ತಿಂಗಳಿಂದ ಹೊಸ ಪದ್ಧತಿ ಶುರುವಾಯಿತು. ಸದಸ್ಯರು ಕೂತ ಕೂಡಲೇ ಹೆಡ್ ಮಾಸ್ಟರರು ನಡವಳಿ ಪುಸ್ತಕದ ಖಾಲಿ ಹಾಳೆ ತೆರೆದು ಇಡುವುದು. ಎಲ್ಲರೂ ಹಾಳೆಯ ಬುಡದಲ್ಲಿ ಸಹಿ ಹಾಕುವುದು. ಆಮೇಲೆ ಸಭೆ. ಬಸ್ಸಿನ ಹಾರ್ನ್ ಕೇಳಿದರೆ ಯಾವ ಮಾತಿನಲ್ಲಿದ್ದರೂ ಎದ್ದು ಹೋಗಬಹುದು. ಬಸ್ಸನ್ನು ಎರಡು ನಿಮಿಷ ನಿಲ್ಲಿಸುವ ಹೊಣೆ ಹೆಡ್ ಮಾಸ್ಟರರದ್ದು. ಅವರು ನಾಲ್ಕೂವರೆಗೆ ಸಭೆ ಬಿಟ್ಟು, ರಸ್ತೆಯ ಬದಿಯಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು.

ನಡವಳಿ ಬರೆಯುವ ಕೆಲಸ ನನಗೆ ಬಂದದ್ದು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಆಗ ನನಗೆ ಇಪ್ಪತ್ತೆರಡು. ಬರೆಯುವುದರಲ್ಲಿ ಕಷ್ಟವೇನೂ ಇರಲಿಲ್ಲ, ಕಷ್ಟ ಇದ್ದದ್ದು ತುಂಬಿಸುವುದರಲ್ಲಿ. ಸಹಿಗಳು ಮೊದಲೇ ಬುಡದಲ್ಲಿ ಕೂತಿರುವಾಗ ಮೇಲಿನ ಜಾಗ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ವಿಷಯ ಹೆಚ್ಚಿದ್ದ ತಿಂಗಳು ಇರುವೆಯಂಥ ಅಕ್ಷರ, ಇಲ್ಲದ ತಿಂಗಳು ಕುಂಬಳಕಾಯಿಯಂಥ ಅಕ್ಷರ. ಒಂದು ತಿಂಗಳು ಏನೂ ನಡೆದಿರಲಿಲ್ಲ. ಬಾವಿಯ ಹಗ್ಗ ಸವೆದದ್ದು, ಪ್ರಯೋಗಶಾಲೆಯ ಕಪಾಟಿನಲ್ಲಿ ಕೇರೆ ಹಾವು ಸಿಕ್ಕಿದ್ದು, ಅಡಿಕೆ ಕೊಯ್ಲಿಗೆ ಮಕ್ಕಳು ಶಾಲೆ ತಪ್ಪಿಸಿದ್ದು ಎಲ್ಲವನ್ನೂ ಎಳೆದೆಳೆದು ಬರೆದೆ. ಅದನ್ನು ಓದಿ ವಕೀಲರು ಬಹಳ ಮೆಚ್ಚಿದರು.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು ಅದು. ಯಾವ ಕಾಗದ ಎಲ್ಲಿಗೆ ಹೋಗಬೇಕು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಳೆಯ ನಮೂನೆಯಲ್ಲಿ ಬರೆದರೆ ಹೊಸದರಲ್ಲಿ ಕೊಡಿ ಎನ್ನುತ್ತಿದ್ದರು, ಹೊಸದನ್ನು ಕೇಳಿದರೆ ಇನ್ನೂ ಅಚ್ಚಾಗಿಲ್ಲ ಎನ್ನುತ್ತಿದ್ದರು. ಹೆಡ್ ಮಾಸ್ಟರರ ಮೇಜಿನ ಮೇಲೆ ಎರಡು ರಾಜ್ಯದ ನಿಯಮಗಳೂ ಒಂದೇ ಹುರಿಹಗ್ಗದಲ್ಲಿ ಕಟ್ಟಿಕೊಂಡು ಬಿದ್ದಿದ್ದವು. ಆ ಗೊಂದಲದ ನಡುವೆ ಒಂದೇ ಒಂದು ಸ್ಪಷ್ಟವಾದ ಪತ್ರ ಬಂತು. ಅದು ನನ್ನ ಎದೆಗೇ ಬಂದು ಕೂತಿತು.

ಶಾಲೆಯಲ್ಲಿ ಹಂಗಾಮಿ ಮೇಷ್ಟ್ರ ಹುದ್ದೆ ಎರಡಿದ್ದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ಆಲಂಕಾರಿನ ಕಡೆಯಿಂದ ನಡೆದು ಬರುತ್ತಿದ್ದ ಒಬ್ಬರು ಮಾಷ್ಟ್ರು. ಎರಡರಲ್ಲಿ ಒಂದು ಹುದ್ದೆಯನ್ನು ಕಾಯಂ ಮಾಡಿ ಇನ್ನೊಂದನ್ನು ತೆಗೆಯಲಾಗುವುದು, ಸಮಿತಿ ಒಂದು ಹೆಸರನ್ನು ನಿರ್ಣಯಿಸಿ ಹದಿನೈದನೇ ತಾರೀಕಿನೊಳಗೆ ಕಳಿಸಬೇಕು, ಹೆಸರು ಬಾರದಿದ್ದರೆ ಎರಡೂ ಹುದ್ದೆ ರದ್ದು ಎಂದು ಆ ಪತ್ರದಲ್ಲಿತ್ತು.

ಆ ಮಾಷ್ಟ್ರು ನನಗಿಂತ ಒಂದು ವರ್ಷ ಮೊದಲು ಸೇರಿದವರು. ಮೂವತ್ತೈದರ ಆಸುಪಾಸಿನ ವಯಸ್ಸು, ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. ರೇಖಾಗಣಿತವನ್ನು ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಗೀರಿ ಕಲಿಸುತ್ತಿದ್ದರು. ನನ್ನ ಪರವಾಗಿ ಹೇಳಬಹುದಾದದ್ದು ಒಂದೇ: ಹೆಣ್ಣು ಟೀಚರ್ ಒಬ್ಬರಿದ್ದಾರೆ ಎಂಬ ಧೈರ್ಯದಿಂದ ನಾಲ್ಕು ಮನೆಯವರು ತಮ್ಮ ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸಿದ್ದರು. ನಾನು ಹೋದರೆ ಅವರೂ ಹೋಗುತ್ತಾರೆ. ಇದು ನಿಜ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಆ ನಾಲ್ವರಲ್ಲ. ಪುತ್ತೂರಿನ ಮನೆಯಲ್ಲಿ ಅಣ್ಣ ಕೆಲಸಕ್ಕೆ ಒಪ್ಪಿದ್ದೇ, ಕಾಯಂ ಆಗದಿದ್ದರೆ ಸುಮ್ಮನೆ ವಾಪಸು ಬರಬೇಕು ಎಂಬ ಮಾತಿನ ಮೇಲೆ. ಇಲ್ಲಿ ನನಗೆ ಬಾಡಿಗೆಗೆ ಒಂದು ಕೋಣೆ ಇತ್ತು. ಅದಕ್ಕೊಂದು ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆ ತಿಂಗಳ ಸಭೆಯಲ್ಲಿ ಇದು ನಾಲ್ಕನೆಯ ವಿಷಯ. ಮೂರು ವಿಷಯ ಮುಗಿಯುವಾಗಲೇ ನಾಲ್ಕೂಕಾಲು. ಅಧ್ಯಕ್ಷರು ನನ್ನ ಕಡೆ ನೋಡಿ, "ಟೀಚರೇ, ಇದು ನಿಮ್ಮದೇ ವಿಷಯ ಅಲ್ವಾ, ನೀವು ಸ್ವಲ್ಪ ಹೊರಗೆ ಇರಿ. ಹೆಡ್ ಮಾಸ್ಟರು ಬರ್ಕೊಳ್ತಾರೆ" ಎಂದರು. ನಾನು ಹೋಗಿ ಬಾವಿಕಟ್ಟೆಯ ಹತ್ತಿರ ನಿಂತೆ. ಸ್ವಲ್ಪ ಹೊತ್ತಿಗೆ ಹೆಡ್ ಮಾಸ್ಟರರು ಕೊಡೆ ಹಿಡಿದು ರಸ್ತೆಯ ಕಡೆ ಹೋಗುವುದು ಕಂಡಿತು. ಹಾರ್ನ್ ಕೇಳಿತು. ಮೂವರೂ ಪಂಚೆ ಎತ್ತಿಕೊಂಡು ಮೆಟ್ಟಿಲಿಳಿದರು. ಬಸ್ಸು ಹೋಯಿತು. ಒಳಗೆ ಹೋದರೆ ಮೇಜಿನ ಮೇಲೆ ಪುಸ್ತಕ, ಬುಡದಲ್ಲಿ ನಾಲ್ಕು ಸಹಿ, ಮೇಲೆ ಖಾಲಿ.

ಹೆಡ್ ಮಾಸ್ಟರರು ಬಂದು ಬೆವರು ಒರೆಸಿಕೊಂಡರು.

"ಎಂತ ತೀರ್ಮಾನ ಆಯ್ತು ಸಾರ್?"

"ಆಯ್ತಲ್ಲ. ನೀವು ಬರ್ದು ಬಿಡಿ."

"ಎಂತ ಬರಿಯುದು? ನಾನು ಹೊರಗೆ ಇದ್ದೆ."

"ನಾನೂ ಹೊರಗೇ ಇದ್ದದ್ದಲ್ವಾ ಮಾರಾಯ್ತಿ, ಬಸ್ಸು ನಿಲ್ಲಿಸ್ಲಿಕ್ಕೆ!"

ಇಬ್ಬರೂ ಮುಖಮುಖ ನೋಡಿಕೊಂಡೆವು. ಅಧ್ಯಕ್ಷರಿಗೆ ಒಂದು ಚೀಟಿ ಬರೆದು ಕೇಳಿ ಎಂದೆ. ಹೆಡ್ ಮಾಸ್ಟರರು ಹೌಹಾರಿದರು. "ನಿಮ್ಮ ಸಭೆಯಲ್ಲಿ ಎಂತ ಆಯ್ತು ಅಂತ ಅವರನ್ನೇ ಕೇಳುದು ಹೇಗೆ? ಕಾರ್ಯದರ್ಶಿ ಅಂತ ನಾನು ಯಾಕೆ ಇರುದು ಹಾಗಾದ್ರೆ?" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮಸಿಯ ದೌತಿಯನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಹಂಗಾಮಿಯವರಿಗೆ ಅಷ್ಟೆಲ್ಲ ಸಿಟ್ಟು ಶೋಭಿಸುವುದಿಲ್ಲ.

ಮರುದಿನ ಮುಂಜಾನೆಯ ಬಸ್ಸಿಗೆ ಪುತ್ತೂರಿಗೆ ಹೋದೆ. ಅಮ್ಮನನ್ನು ನೋಡಲಿಕ್ಕೆ ಎಂದು ಹೇಳಿಕೊಂಡು ವಕೀಲರ ಮನೆಯ ಜಗಲಿಯಲ್ಲಿ ಕೂತೆ. ನೇರವಾಗಿ ಕೇಳಲು ನಾಚಿಕೆ. ನಡವಳಿಯಲ್ಲಿ ವಾಕ್ಯ ಹೇಗಿರಬೇಕು ಎಂದು ಸುತ್ತಿ ಬಳಸಿ ಕೇಳಿದೆ.

"ನೋಡು ತಂಗಿ, ನಾನು ಎರಡೂ ಕಡೆಯ ನ್ಯಾಯ ಹೇಳಿದೆ. ಮೊದಲು ಸೇರಿದವರಿಗೆ ಹಕ್ಕುಂಟು, ಹುಡುಗಿಯರ ವಿಷಯವೂ ಉಂಟು. ಕೊನೆಗೆ ಅಧ್ಯಕ್ಷರು ಹೇಳಿದ ಹಾಗೆ ಅಂತ ಬಿಟ್ಟೆ" ಎಂದರು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸುಳ್ಯದ ಸದಸ್ಯರೇ ಸಿಕ್ಕಿದರು. ಮಗಳ ಮನೆಯಲ್ಲಿ ಉಳಿದು ಊರಿಗೆ ಹೊರಟವರು. "ನಂಗೆ ಕಾಯಿದೆ ಎಲ್ಲ ಗೊತ್ತಿಲ್ಲೆ ಟೀಚರೇ. ವಕೀಲರು ಹೇಳಿದ್ದೇ ನನ್ನದು ಅಂದೆ" ಎಂದು ನಕ್ಕರು. ಬುಧವಾರ ಅಧ್ಯಕ್ಷರು ಯಾರದೋ ಮಗುವಿನ ಟಿ.ಸಿ. ಕೇಳಲು ಶಾಲೆಗೆ ಬಂದರು. ಅವರನ್ನು ಗೇಟಿನವರೆಗೆ ಕಳಿಸುವ ನೆಪದಲ್ಲಿ ಕೇಳಿಯೇಬಿಟ್ಟೆ. "ಎಲ್ಲರ ಅಭಿಪ್ರಾಯವೂ ಒಂದೇ ಆಯ್ತಲ್ಲ! ಹಾಗೇ ಬರಿಯಿರಿ" ಎಂದು ಬೆತ್ತ ಬೀಸುತ್ತಾ ನಡೆದರು.

ನಾನು ಗೇಟಿನಲ್ಲಿ ನಿಂತೇ ಇದ್ದೆ. ಒಬ್ಬರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಒಂದೇ ಆದ ಆ ಅಭಿಪ್ರಾಯ ಯಾವುದು ಎಂಬುದು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅಧ್ಯಕ್ಷರ ನಗುವಿನಲ್ಲಿ ಒಮ್ಮೆ ನನ್ನ ಹೆಸರು ಕಂಡಿತು. ಮರುಗಳಿಗೆಯಲ್ಲಿ, ಪಾಪದ ಹುಡುಗಿ ಎಂದು ಕನಿಕರದಿಂದ ನಕ್ಕದ್ದಿರಬೇಕು ಅನ್ನಿಸಿತು. ಆ ವಾರವಿಡೀ ಪಾಠದಲ್ಲಿ ತಪ್ಪುಗಳು. ಭೂಗೋಳದ ತರಗತಿಯಲ್ಲಿ ನೇತ್ರಾವತಿಯನ್ನು ಪೂರ್ವಕ್ಕೆ ಹರಿಸಿದೆ. ಹುಡುಗಿಯರು ಕಿಸಕ್ಕೆಂದರು.

ಮಾಷ್ಟ್ರೂ ನನ್ನನ್ನು ಒಂದು ಸಲ ಕೇಳಿದರು. "ಎಂತ ಟೀಚರೇ, ನಡವಳಿ ಆಯ್ತಾ?"

"ಇಲ್ಲ ಮಾಷ್ಟ್ರೇ, ಬರೀಬೇಕಷ್ಟೆ."

"ತಡ ಮಾಡ್ಬೇಡಿ. ಹದಿನೈದು ಹತ್ತಿರ ಬಂತು" ಎಂದು ಹೇಳಿ ಅಂಗಳಕ್ಕೆ ಇಳಿದು ತ್ರಿಕೋನ ಗೀರಲು ಶುರುಮಾಡಿದರು. ಅವರು ಯಾಕೆ ಅವಸರ ಮಾಡುತ್ತಿದ್ದಾರೆ, ನಿರ್ಣಯ ತಮ್ಮ ಕಡೆಗಾಗಿದೆ ಎಂದು ಅವರಿಗೆ ಗೊತ್ತಿದೆಯೋ ಎಂದು ನನಗೆ ಇನ್ನಷ್ಟು ಗಲಿಬಿಲಿ.

ಭಾನುವಾರ ಮಧ್ಯಾಹ್ನ ಊಟ ಮಾಡಿ, ಕೋಣೆಯ ಬಾಗಿಲು ಹಾಕಿ ಪುಸ್ತಕ ಬಿಡಿಸಿದೆ. ಸೋಮವಾರದ ಟಪ್ಪಾಲಿಗೆ ಪ್ರತಿ ಹೋಗಲೇಬೇಕಿತ್ತು. ಮೊದಲ ಮೂರು ವಿಷಯ ಸರಾಗವಾಗಿ ಬಂದವು. ನಾಲ್ಕನೆಯದಕ್ಕೆ ಬೇರೆ ಕಾಗದದಲ್ಲಿ ಎರಡು ವಾಕ್ಯ ಬರೆದು ನೋಡಿದೆ, ಒಂದರಲ್ಲಿ ಅವರ ಹೆಸರು, ಒಂದರಲ್ಲಿ ನನ್ನದು. ಎರಡೂ ಸಮ ಉದ್ದ, ಎರಡೂ ಜಾಗಕ್ಕೆ ಸರಿಹೊಂದುತ್ತಿದ್ದವು. ಹಾಳಾದ ಜಾಗವಾದರೂ ಸಾಲದೆ ಹೋಗಿದ್ದರೆ ಎಂದುಕೊಂಡೆ. ಆಮೇಲೆ ನನ್ನ ಹೆಸರು ಬರೆದೆ. ಅಕ್ಷರ ಎಂದಿಗಿಂತ ಚೆನ್ನಾಗಿ ಬಂತು.

ಮುಂದೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ: ಸಭೆಯ ಅಭಿಪ್ರಾಯವನ್ನು ಊಹಿಸಿ ಬರೆದೆ, ಊಹೆ ಸರಿಯೇ ಇರಬೇಕು ಎಂದು. ಸುಳ್ಳು. ನಾನು ಊಹಿಸಲೇ ಇಲ್ಲ. ನನಗೆ ಬೇಕಾದದ್ದನ್ನು ಬರೆದೆ.

ಸೋಮವಾರ ಹೆಡ್ ಮಾಸ್ಟರರು ಪ್ರತಿಗೆ ಓದದೆಯೇ ಮೊಹರು ಒತ್ತಿದರು. ಮುಂದಿನ ತಿಂಗಳ ಸಭೆಯಲ್ಲಿ, ಸಹಿ ಎಲ್ಲ ಆದ ಮೇಲೆ, ಹಿಂದಿನ ನಡವಳಿಯನ್ನು ಗಟ್ಟಿಯಾಗಿ ಓದಿದರು. ನಾಲ್ಕನೆಯ ವಿಷಯ ಬಂದಾಗ ನಾನು ಮೇಜಿನ ಮರದಲ್ಲಿದ್ದ ಗಂಟನ್ನೇ ನೋಡುತ್ತಿದ್ದೆ. ವಕೀಲರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಸುಳ್ಯದವರ ಮುಖ ನೋಡಿದರು. ಸುಳ್ಯದವರು ವಕೀಲರನ್ನು ನೋಡಿದರು. ಆಮೇಲೆ ಅಧ್ಯಕ್ಷರು, "ಹೌದು, ಹಾಗೇ ಆದದ್ದು, ಸರಿ ಉಂಟು" ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. ಅವರು ಎಷ್ಟು ನಿಶ್ಚಯವಾಗಿ ಹೇಳಿದರೆಂದರೆ, ನಿಜವಾಗಿಯೂ ಹಾಗೇ ಆಗಿತ್ತೇನೋ ಎಂದು ನನಗೂ ಅನ್ನಿಸಿತು. ಎರಡು ದಿನ ಸುಖವಾಗಿ ನಿದ್ದೆ ಮಾಡಿದೆ.

ಕೆಲವು ವಾರಗಳ ನಂತರ ಇಲಾಖೆಯ ಆದೇಶ ಬಂತು. ಮಾಷ್ಟ್ರ ಕೊನೆಯ ದಿನ ಬೆಳಿಗ್ಗೆ ಶಾಲೆಯವರೆಲ್ಲ ಸೇರಿ ಅವರಿಗೆ ಒಂದು ಹಾರ ಹಾಕಿದೆವು. ಅವರು ಹೊರಡುವಾಗ ನಾನು ಗೇಟಿನವರೆಗೆ ಹೋದೆ. ಏನಾದರೂ ಹೇಳಬೇಕಿತ್ತು. "ಸಮಿತಿಯವರು ಹೀಗೆ ಮಾಡಬಾರದಿತ್ತು" ಎಂದೆ. ಎಂಥ ಮಾತು!

ಅವರು ನಿಂತರು. "ಸಮಿತಿಯವರು ಎಂತದೂ ಮಾಡ್ಲಿಲ್ಲ ಟೀಚರೇ. ನಾನು ಅವತ್ತು ಪಕ್ಕದ ಕೋಣೆಯಲ್ಲಿ ಪೇಪರು ತಿದ್ದುತಾ ಇದ್ದೆ. ಎಲ್ಲ ಕೇಳ್ತಿತ್ತು. ಮೂರು ಜನ ಮಾತಾಡಿಯೇ ಮಾತಾಡಿದ್ರು. ಹಾರ್ನ್ ಆಯ್ತು, ಎದ್ದು ಹೋದ್ರು. ತೀರ್ಮಾನ ಆಗ್ಲೇ ಇಲ್ಲ."

ಭೂಮಿ ಬಾಯಿ ತೆರೆದರೆ ಸಾಕು ಅನ್ನುತ್ತಾರಲ್ಲ, ನನಗೆ ಹಾಗಾಯಿತು. "ಮತ್ತೆ ನೀವು ಯಾಕೆ ಯಾರಿಗೂ ಹೇಳಲಿಲ್ಲ?" ಎಂದು ಹೇಗೋ ಕೇಳಿದೆ.

"ಹೇಳಿದ್ರೆ ಇನ್ನೊಂದು ಸಭೆ ಆಗ್ಬೇಕು. ಅದು ಬರುವ ತಿಂಗಳು. ಹದಿನೈದು ದಾಟ್ತದೆ, ಇಬ್ಬರದ್ದೂ ಹೋಗ್ತದೆ. ಒಬ್ಬರದ್ದಾದ್ರೂ ಉಳೀಲಿ ಅಂತ ಸುಮ್ಮನಾದೆ."

"ಪುಸ್ತಕ ನಿಮ್ಮ ಕೈಯಲ್ಲಿ ಇದ್ದಿದ್ದರೆ ಯಾರ ಹೆಸರು ಬರೀತಿದ್ರಿ?"

ಯಾಕೆ ಕೇಳಿದೆನೋ. ನಿಮ್ಮದೇ ಬರೀತಿದ್ದೆ ಎಂದು ಅವರು ಹೇಳಿಬಿಟ್ಟರೆ ನಾನು ಅಲ್ಲಿಯೇ ಕುಸಿದು ಕೂರುತ್ತಿದ್ದೆ. ಅವರು ಹಾರವನ್ನು ಕೊರಳಿಂದ ತೆಗೆದು ಚೀಲದೊಳಗೆ ಹಾಕಿಕೊಂಡರು.

"ನನ್ನದೇ ಬರೀತಿದ್ದೆ ಟೀಚರೇ. ನಂಗೂ ಮನೆ ಉಂಟಲ್ವಾ. ಇನ್ನು ಹೋಗಿ, ಗಂಟೆ ಆಯ್ತು."

ಕ್ಷಮಿಸಿ ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಅವರು ರಸ್ತೆಯ ತಿರುವು ದಾಟಿದ್ದರು. ಆ ಗಂಟೆಯಿಂದ ಅವರ ಫೋರ್ತ್ ಫಾರಂ ತರಗತಿ ನನಗೆ ಸೇರಿತ್ತು. ಒಳಗೆ ಹೋಗಿ, ಮಾಷ್ಟ್ರು ಎಲ್ಲಿಯವರೆಗೆ ಮಾಡಿದ್ದಾರೆ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಪುಸ್ತಕ ಬಿಡಿಸಿ, ಪುಟಕ್ಕೆ ಬೆರಳಿಟ್ಟು ನನ್ನ ಕೈಗೆ ಕೊಟ್ಟಳು. ತ್ರಿಕೋನದ ಪಾಠ. ಮಕ್ಕಳನ್ನು ಅಂಗಳಕ್ಕೆ ಇಳಿಸಿ, ಮಾಷ್ಟ್ರ ಕೋಲನ್ನು ಹುಡುಕಿದೆ.