ಗಿರಾಕಿಯ ಕಡೆಯ ಪರದೆ

ಅಬ್ಬಿಗೆರೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಟೇಬಲ್ ಮೇಲೆ ಎರಡು ಮಾನಿಟರ್, ಒಂದು ನನ್ನ ಕಡೆ, ಇನ್ನೊಂದು ಗಿರಾಕಿಯ ಕಡೆ. ಬ್ಯಾನರಿನಲ್ಲಿ ತಮ್ಮ ಮುಖ ಎಷ್ಟು ದೊಡ್ಡದಾಗಿ ಬಂದಿದೆ ಎಂದು ಅವರು ಕಣ್ಣಾರೆ ನೋಡಬೇಕು. ದಾಯಾದಿಯ ಮುಖಕ್ಕಿಂತ ಒಂದಿಂಚು ಕಮ್ಮಿಯಾದರೂ ಜಗಳಕ್ಕೇ ಬರುವ ಜನ.

ಪುಕ್ಕಟೆ ಸಿಗುತ್ತದೆಂದು ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದ ಲಿನಕ್ಸ್ ಎಂಬ ಸಾಫ್ಟ್‌ವೇರಿಗೆ ಒಂದು ಅಪ್‌ಡೇಟ್ ಆದಮೇಲೆ ಕೆಟ್ಟ ಚಾಳಿ ಅಂಟಿಕೊಂಡಿತ್ತು. ಯಾವ ಫೈಲ್ ತೆರೆದರೂ ವಿಂಡೋ ನನ್ನ ಪರದೆಗೆ ಬಾರದೆ ಗಿರಾಕಿಯ ಪರದೆಯಲ್ಲಿ ಹೋಗಿ ಕೂರುತ್ತಿತ್ತು. ಪ್ರತಿ ಸಲ ಆ ಕಡೆ ಬಗ್ಗಿ ನೋಡಿ ಮೌಸಿನಿಂದ ಎಳೆದು ತರಬೇಕಿತ್ತು. ಸರಿಮಾಡಿಸಲು ನನಗೆ ಸೋಮಾರಿತನ.

ಇನ್ನೊಂದು ವಿಷಯ ಹೇಳಿಬಿಡಬೇಕು. ಊರಿನ ದೊಡ್ಡ ಮನೆಯವರು ಯಾರಾದರೂ ಐಸಿಯು ಸೇರಿದರೆಂದು ಕಿವಿಗೆ ಬಿದ್ದರೆ, ನಾನು ಅವರ ಹಳೆಯ ಬ್ಯಾನರಿನಿಂದ ಫೋಟೋ ತೆಗೆದು ಶ್ರದ್ಧಾಂಜಲಿ ಮಾಡಿಟ್ಟುಕೊಳ್ಳುತ್ತೇನೆ, ತಾರೀಖು ಮಾತ್ರ ಖಾಲಿ ಬಿಟ್ಟು. ಹೆಣ ಮನೆಗೆ ಬರುವ ಮೊದಲೇ ಬ್ಯಾನರ್ ಕಟ್ಟಬೇಕೆಂದು ಪ್ರಾಣ ತಿನ್ನುವವರೂ ಇವರೇ.

ಹಾಗೆ ನಾನು ಸಾಯಿಸಿಟ್ಟಿದ್ದ ಒಬ್ಬ ಯಜಮಾನರು ಬದುಕಿ ಬಂದರು. ಬಂದವರು ಮೊಮ್ಮಗನ ಮೊದಲ ಹುಟ್ಟುಹಬ್ಬದ ಬ್ಯಾನರ್ ಮಾಡಿಸಲು ನನ್ನೆದುರೇ ಕುಳಿತರು. ಬಾಯಿ ತುಂಬ ಮಗನದೇ ಮಾತು.

"ಇಪ್ಪತ್ ದಿನ ಆಸ್ಪತ್ರೆ ಬಾಗ್ಲಲ್ಲೇ ಮಲ್ಗಿದ್ದ ಕಣಪ್ಪ. ಅವನ್ ಫೋಟೋ ದೊಡ್ಡದಾಗ್ ಆಕು."

ಯಜಮಾನರ ಫೋಟೋಗಾಗಿ ಹಳೆಯ ಫೈಲ್ ತೆರೆಯಲು ಹೋಗಿ ಪಕ್ಕದ್ದನ್ನು ಒತ್ತಿದೆ. ನನ್ನ ಪರದೆಯಲ್ಲಿ ಏನೂ ಬರಲಿಲ್ಲ. ಕಂಪ್ಯೂಟರ್ ತೂಕಡಿಸುತ್ತಿದೆ ಎಂದುಕೊಂಡು ಇನ್ನೊಮ್ಮೆ ಒತ್ತಿ, ಫೋನ್ ನೋಡುತ್ತಾ ಕುಳಿತೆ. ಸ್ವಲ್ಪ ಹೊತ್ತಿಗೆ ಯಜಮಾನರ ಮಾತು ನಿಂತಿರುವುದು ಗೊತ್ತಾಯಿತು.

ಬಗ್ಗಿ ನೋಡಿದೆ. ಭಾವಪೂರ್ಣ ಶ್ರದ್ಧಾಂಜಲಿ. ಎರಡು ದೀಪ, ಗುಲಾಬಿ ಹಾರ, ನಡುವೆ ಅವರದೇ ನಗುಮುಖ. ಕೆಳಗೆ 'ದುಃಖತಪ್ತ ಕುಟುಂಬದವರು' ಎಂದು ಬರೆದು ಮಗನ ಫೋಟೋ ಅಂಟಿಸಿದ್ದವನು ನಾನೇ. ಗಾಬರಿಯಲ್ಲಿ ಆ ವಿಂಡೋ ಮುಚ್ಚಿದರೆ, ಎರಡನೇ ಸಲ ಒತ್ತಿದ್ದು ಅದರ ಹಿಂದೆಯೇ ಇತ್ತು. ಅವರು ಅದನ್ನೂ ಪೂರ್ತಿ ಓದಿದರು.

"ಇದ್ನ ನನ್ ಮಗ ಮಾಡ್ಸಿದ್ನಾ? ನಿಜ ಏಳಪ್ಪ. ನಾನ್ ಅಲ್ ಮಲ್ಗಿದ್ದಾಗ್ಲೇ ಬಂದಿದ್ನಾ?"

ನಾನೇ ಮಾಡಿದ್ದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂದೇ ಸಂಜೆ ಊರಿನವರು ನನ್ನ ಅಂಗಡಿಗೆ ಬೀಗ ಜಡಿಸುತ್ತಿದ್ದರು. ಹೆದರಿದೆ.

"ಆರ್ಡರ್ ಕೊಟ್ಟೋರ್ ಹೆಸ್ರು ನಾವ್ ಹೇಳೋ ಹಾಗಿಲ್ಲ ಯಜಮಾನ್ರೇ," ಎಂದೆ. ಸುಳ್ಳು ಹೇಳದೆಯೇ ಪಾರಾದೆನಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ ಕೂಡ.

ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. "ಮಗೀನ್ ಬ್ಯಾನರ್‌ನಾಗೆ ಅವನ್ ಫೋಟೋ ಬ್ಯಾಡ," ಎಂದರು. ತೆಗೆದುಹಾಕಿದೆ. ಮಗುವಿನ ಹುಟ್ಟುಹಬ್ಬಕ್ಕೆ ಊರಿನ ಪುಢಾರಿಗಳೆಲ್ಲ ಶುಭ ಕೋರಿದ್ದರು, ಹೆತ್ತ ಅಪ್ಪನೊಬ್ಬ ಮಾತ್ರ ಇರಲಿಲ್ಲ. ಬ್ಯಾನರ್ ಒಂದು ವಾರ ಸರ್ಕಲ್ಲಿನಲ್ಲಿ ನೇತಾಡಿತು, ನೋಡಿದವರೆಲ್ಲ ಆಡಿಕೊಂಡರು. ಆ ವಾರವೇ ನಾನು ಕಂಪ್ಯೂಟರ್ ಸರಿಮಾಡಿಸಿದೆ. ಹತ್ತು ನಿಮಿಷದ ಕೆಲಸ.

ಏಳು ತಿಂಗಳ ಮೇಲೆ ಯಜಮಾನರು ನಿಜವಾಗಿಯೂ ತೀರಿಕೊಂಡರು. ಬ್ಯಾನರಿಗೆ ಮಗನೇ ಬಂದ. ಅಪ್ಪ ಕುಳಿತಿದ್ದ ಕುರ್ಚಿಯಲ್ಲೇ ಕುಳಿತ.

"ಅಣ್ಣಾ, ಏಳ್ ತಿಂಗ್ಳಿಂದ ನಮ್ಮಪ್ಪ ನನ್ ಜೊತೆ ಮಾತೇ ಆಡ್ಲಿಲ್ಲ. ಬೆಳಗ್ಗೆ ಬಾಯಿಗ್ ನೀರ್ ಬಿಡೋಕ್ ಹೋದ್ರೆ ಹಲ್ ಕಚ್ಕೊಂಡ್ಬಿಟ್ರು. ನಾನೇನ್ ತಪ್ ಮಾಡ್ದೆ ಅಂತಾನೇ ಗೊತ್ತಾಗ್ಲಿಲ್ಲ. ನಿಮ್ ಅಂಗ್ಡಿಗ್ ಬಂದ್ ಹೋದ್ ದಿನದಿಂದ ಹಿಂಗಾಗಿದ್ದು. ನಿಮ್ ಹತ್ರ ಏನಾದ್ರೂ ಹೇಳಿದ್ರಾ?"

"ಇಲ್ವಲ್ಲ," ಎಂದೆ. "ಎಷ್ಟ್ ಅಡೀದ್ ಬೇಕು?"